ಶಾಂಗ್‌ದಿ, ತಿಯೆನ್, ತಾಯ್‌ಯಿ: ಪ್ರಾಚೀನ ಚೀನಾದ ಆಕಾಶದೊಡೆಯನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಚೀನಾದ ಪುರಾಣ ಎಂದೊಡನೆ ನಮ್ಮ ಕಣ್ಣಿಗೆ ಬರುವುದು ಡ್ರ್ಯಾಗನ್, ವಾನರರಾಜ, ಮೋಡದ ಮೇಲೆ ದರ್ಬಾರು ನಡೆಸುವ ಜೇಡ್ ಚಕ್ರವರ್ತಿ. ಇವರಲ್ಲಿ ವಾನರರಾಜ, ಜೇಡ್ ಚಕ್ರವರ್ತಿ ಜನಪ್ರಿಯರಾದದ್ದು ಬಹಳ ತಡವಾಗಿ. ಕ್ರಿ.ಪೂ. 13ನೇ ಶತಮಾನದ ಹೊತ್ತಿಗೇ ಮಳೆ, ಗಾಳಿ, ಬೆಳೆ, ಯುದ್ಧ ಎಲ್ಲವನ್ನೂ ಕೈಯಲ್ಲಿಟ್ಟುಕೊಂಡ ಒಬ್ಬ ದೊರೆ ಆಕಾಶದಲ್ಲಿದ್ದ. ಅವನಿಗೆ ಮೂರ್ತಿಯಿಲ್ಲ, ಹೆಂಡತಿ ಮಕ್ಕಳ ಕಥೆಯಿಲ್ಲ, ಮಾತೂ ಬಹಳ ಕಡಿಮೆ. ಆದರೂ ಮೂರು ಸಾವಿರ ವರ್ಷ ಚೀನಾದ ಅರಸರೂ ಕವಿಗಳೂ ಅವನ ಕಡೆಗೇ ತಲೆಯೆತ್ತಿ ನೋಡಿದರು.

ಶಾಂಗ್‌ದಿ, ತಿಯೆನ್, ತಾಯ್‌ಯಿ: ಇವರು ಮೂವರೋ, ಒಬ್ಬನೋ?

ಯಾವ ಕಾಲ, ಯಾವ ಪಠ್ಯ ಎಂದು ಹೇಳದೆ ಇದಕ್ಕೆ ಉತ್ತರ ಕೊಡಲು ಬರುವುದಿಲ್ಲ. ಶಾಂಗ್ ವಂಶದವರು (ಕ್ರಿ.ಪೂ. 1046ರ ಸುಮಾರಿನವರೆಗೆ) ಅವನನ್ನು ‘ದಿ’ ಎಂದು ಕರೆದರು, ಅಪರೂಪಕ್ಕೆ ‘ಶಾಂಗ್‌ದಿ’, ಅಂದರೆ ‘ಮೇಲಿರುವ ದಿ’. ಅವರನ್ನು ಸೋಲಿಸಿದ ಝೌ ವಂಶದವರು ‘ತಿಯೆನ್’ ಎಂದರು. ಆಕಾಶ ಎಂಬುದು ಆ ಪದದ ಅರ್ಥ. ತಾವು ಸೋಲಿಸಿದವರ ‘ಶಾಂಗ್‌ದಿ’ಯನ್ನೂ ಅವರು ಬಿಡಲಿಲ್ಲ, ಎರಡೂ ಹೆಸರನ್ನು ಒಂದೇ ಪದ್ಯದಲ್ಲಿ ಬಳಸಿದರು. ದಕ್ಷಿಣದ ಚು ರಾಜ್ಯದ ಹಾಡುಗಳಲ್ಲಿ ‘ತಾಯ್‌ಯಿ’, ಅಂದರೆ ‘ಮಹಾ ಏಕ’, ಕಾಣಿಸಿಕೊಂಡ, ಕ್ರಿ.ಪೂ. 2ನೇ ಶತಮಾನದ ಕೊನೆಗೆ ಹಾನ್ ಅರಸರು ಅವನನ್ನೇ ಎಲ್ಲ ದೇವರ ತಲೆಯ ಮೇಲೆ ಕೂರಿಸಿದರು. ಮುಂದಿನ ಅರಮನೆಗಳ ಪೂಜಾಗ್ರಂಥಗಳಲ್ಲಿ ‘ಹಾವ್‌ತಿಯೆನ್ ಶಾಂಗ್‌ದಿ’, ವಿಶಾಲ ಆಕಾಶದ ಮೇಲಿನ ಒಡೆಯ, ಎಂಬ ಜೋಡು ಹೆಸರು ನಿಂತಿತು. ಪೀಠ ಒಂದೇ, ಅದರಲ್ಲಿ ಕೂತವನ ಹೆಸರೂ ಸ್ವಭಾವವೂ ಕಾಲಕ್ಕೆ ತಕ್ಕಂತೆ ಬೇರೆ. ಎಲ್ಲವನ್ನೂ ಒಟ್ಟಿಗೆ ಕಲಸಿ ‘ಚೀನೀಯರ ದೇವರು’ ಎಂದು ಬರೆದರೆ ಮೂರು ಬೇರೆ ಬೇರೆ ಲೋಕಗಳು ಅಳಿಸಿಹೋಗುತ್ತವೆ.

ಹೆಸರುಗಳನ್ನು ಸರಿಯಾಗಿ ಹೇಳುವುದು ಹೇಗೆ?

ಇಲ್ಲಿ ಕನ್ನಡಿಗರಿಗೆ ಅನುಕೂಲವೇ ಹೆಚ್ಚು. ರೋಮನ್ ಲಿಪಿಯ ಚೀನೀ ಬರಹದಲ್ಲಿ ‘ಡಿ’ ಅಕ್ಷರ ಸೂಚಿಸುವುದು ನಮ್ಮ ಅಲ್ಪಪ್ರಾಣ ‘ತ’ವನ್ನು, ‘ಟಿ’ ಅಕ್ಷರ ಸೂಚಿಸುವುದು ಮಹಾಪ್ರಾಣ ‘ಥ’ವನ್ನು. ಅಂದರೆ ಬಾಯಲ್ಲಿ ಹೇಳುವಾಗ ಶಾಂಗ್‌ದಿ ‘ಷಾಂಗ್‌ತಿ’ಗೆ ಹತ್ತಿರ, ತಿಯೆನ್ ‘ಥಿಯೆನ್’ಗೆ ಹತ್ತಿರ. ‘ಶಾಂಗ್’ ಮತ್ತು ‘ದಿ’ ಎರಡನ್ನೂ ಮೇಲಿನಿಂದ ಕೆಳಕ್ಕೆ ಥಟ್ಟನೆ ಇಳಿಸಿ ಹೇಳಬೇಕು. ‘ತಿಯೆನ್’ ಅನ್ನು ಎತ್ತರದ ದನಿಯಲ್ಲಿ ಸಮನಾಗಿ ಎಳೆಯಬೇಕು. ಇದು ಇಂದಿನ ಬೀಜಿಂಗ್ ಉಚ್ಚಾರಣೆ. ಮೂರು ಸಾವಿರ ವರ್ಷದ ಹಿಂದೆ ಇವುಗಳ ಸದ್ದು ಬೇರೆಯೇ ಇತ್ತು. ಬರವಣಿಗೆಯಲ್ಲಿ ನಾವು ರೂಢಿಯ ರೂಪಗಳನ್ನೇ ಉಳಿಸಿಕೊಂಡಿದ್ದೇವೆ.

ಶಾಂಗ್ ಕಾಲದಲ್ಲಿ ‘ದಿ’ಯ ಕೆಲಸವೇನು?

ಅಪ್ಪಣೆ ಕೊಡುವುದು. ಭವಿಷ್ಯ ಕೇಳಲು ಬಳಸಿದ ಮೂಳೆಗಳ ಮೇಲಿನ ಬರಹಗಳಲ್ಲಿ ‘ದಿ’ಯ ಜೊತೆಗೆ ಎದ್ದು ಕಾಣುವ ಕ್ರಿಯಾಪದ ‘ಲಿಂಗ್’, ಆಜ್ಞಾಪಿಸು ಎಂದು. ದಿ ಮಳೆಗೆ ಅಪ್ಪಣೆ ಕೊಡುತ್ತಾನೆ, ಗುಡುಗಿಗೆ ಕೊಡುತ್ತಾನೆ. ಗಾಳಿ ಅವನ ದೂತ. ಬರವನ್ನೂ ಅವನೇ ಕಳಿಸುತ್ತಾನೆ. ಅರಸ ಊರು ಕಟ್ಟಲು ಹೊರಟರೆ ದಿ ಒಪ್ಪಬೇಕು. ಶತ್ರುವಿನ ಮೇಲೆ ದಂಡೆತ್ತಿ ಹೋದರೆ ದಿ ನೆರವು ಕೊಡಬೇಕು. ಕೆಲವೊಮ್ಮೆ ಅವನೇ ಶತ್ರುವನ್ನು ಅರಸನ ಮೇಲೆ ಬಿಡುತ್ತಾನೆ. ಶಾಂಗ್ ದೇವತೆಗಳಲ್ಲಿ ಹೊಳೆಗೆ, ಬೆಟ್ಟಕ್ಕೆ, ಸತ್ತ ಪೂರ್ವಜರಿಗೆ ಒಂದಿಷ್ಟು ಶಕ್ತಿಯಿತ್ತು. ಆದರೆ ಮಳೆ ಗಾಳಿಗಳಿಗೆ ಆಜ್ಞೆ ಮಾಡುವ ಮಾತು ಬಂದರೆ ಅಲ್ಲಿ ದಿ ಹೆಸರೇ.

ಅಕ್ಷರದ ಮೂಲದ ಬಗ್ಗೆಯೂ ಕೇಳುತ್ತಾರೆ. ಸುಡಲು ಕಟ್ಟಿದ ಸೌದೆಯ ಹೊರೆ ಎಂದು ಕೆಲವರು, ಹೂವಿನ ತೊಟ್ಟು ಎಂದು ಕೆಲವರು, ಉತ್ತರ ಧ್ರುವದ ಸುತ್ತಲಿನ ನಕ್ಷತ್ರಗಳನ್ನು ಗೆರೆ ಎಳೆದು ಜೋಡಿಸಿದ ಚಿತ್ರ ಎಂದು ಮತ್ತೆ ಕೆಲವರು ಹೇಳುತ್ತಾರೆ. ವಿವಾದ ಮುಗಿದಿಲ್ಲ. ಇವುಗಳಲ್ಲಿ ಒಂದನ್ನೇ ಖಚಿತ ಸತ್ಯವೆಂದು ಬರೆದ ಪುಸ್ತಕ ಸಿಕ್ಕರೆ ಅದರ ಉಳಿದ ಮಾತುಗಳನ್ನೂ ಎಚ್ಚರದಿಂದ ಓದಿ.

ದಿಯ ಮನಸ್ಸನ್ನು ತಿಳಿಯುತ್ತಿದ್ದುದು ಹೇಗೆ?

ಮೂಳೆ ಸುಟ್ಟು. ಹೆನಾನ್ ಪ್ರಾಂತ್ಯದ ಆನ್‌ಯಾಂಗ್ ಬಳಿ ಶಾಂಗ್ ವಂಶದ ಕೊನೆಯ ರಾಜಧಾನಿಯಿತ್ತು. ಅಲ್ಲಿನ ಮೂಳೆಗಳನ್ನು ಔಷಧಿ ಅಂಗಡಿಗಳಲ್ಲಿ ‘ಡ್ರ್ಯಾಗನ್ ಮೂಳೆ’ ಎಂದು ಅರೆದು ಮಾರುತ್ತಿದ್ದರು. ಅವುಗಳ ಮೇಲಿರುವುದು ಹಳೆಯ ಲಿಪಿ ಎಂದು 1899ರಲ್ಲಿ ಗುರುತಿಸಿದ ಕೀರ್ತಿಯನ್ನು ವಿದ್ವಾಂಸ ವಾಂಗ್ ಯಿರಾಂಗ್‌ಗೆ ಕೊಡುತ್ತಾರೆ. 1928ರಲ್ಲಿ ಸರ್ಕಾರಿ ಉತ್ಖನನ ಶುರುವಾಯಿತು. 1936ರಲ್ಲಿ ಒಂದೇ ಹೊಂಡದಲ್ಲಿ 17,000ಕ್ಕೂ ಹೆಚ್ಚು ತುಣುಕುಗಳು ಸಿಕ್ಕವು.

ವಿಧಾನ ಹೀಗಿತ್ತು. ದನದ ಹೆಗಲಿನ ಅಗಲ ಮೂಳೆ ಅಥವಾ ಆಮೆಯ ಹೊಟ್ಟೆಯ ಚಿಪ್ಪನ್ನು ಶುಚಿ ಮಾಡಿ, ಉಬ್ಬುಗಳನ್ನು ಕೊಯ್ದು, ಉಜ್ಜಿ ನಯ ಮಾಡುತ್ತಿದ್ದರು. ಹಿಂಬದಿಯಲ್ಲಿ ಸಾಲಾಗಿ ಗುಳಿಗಳು: ಬಾದಾಮಿ ಆಕಾರದ ಒಂದು ಉದ್ದ ಗುಳಿ, ಅದಕ್ಕೆ ತಾಗಿದಂತೆ ಒಂದು ದುಂಡು ಗುಳಿ. ಗುಳಿ ಆಚೆ ಬದಿಗೆ ತೂತಾಗಬಾರದು, ಆದರೆ ತಳ ತೆಳುವಾಗಬೇಕು. ದಪ್ಪ ಉಳಿದರೆ ಎಷ್ಟು ಕಾಯಿಸಿದರೂ ಬಿರುಕು ಬರುವುದಿಲ್ಲ. ಬಳಿಕ ಪ್ರಶ್ನೆಯನ್ನು ಗಟ್ಟಿಯಾಗಿ ಹೇಳಿ ಗುಳಿಗೆ ಕೆಂಡ ತಾಗಿಸಿದರೆ ಮುಂಬದಿಯಲ್ಲಿ ‘ಪು’ ಎಂದು ಸಿಡಿದು, ಒಂದು ನೆಟ್ಟ ಗೆರೆ, ಅದರ ಪಕ್ಕಕ್ಕೆ ಒಂದು ಕವಲು ಮೂಡುತ್ತಿತ್ತು. ಭವಿಷ್ಯ ನೋಡು ಎಂಬುದಕ್ಕೆ ಚೀನೀ ಭಾಷೆಯ ಅಕ್ಷರ ಇವತ್ತಿಗೂ ಆ ಬಿರುಕಿನ ಚಿತ್ರವೇ.

ಓದಿದ ಮೇಲೆ ಬರಹ ಕೊರೆಯುತ್ತಿದ್ದರು. ಪೂರ್ಣ ಬರಹದಲ್ಲಿ ನಾಲ್ಕು ಭಾಗ: ದಿನ ಮತ್ತು ಕೇಳಿದವನ ಹೆಸರು, ಪ್ರಶ್ನೆ, ಅರಸ ಬಿರುಕನ್ನು ಓದಿ ಹೇಳಿದ ಮಾತು, ಕೊನೆಗೆ ನಿಜವಾಗಿ ಆದದ್ದೇನು. ನಾಲ್ಕೂ ಇರುವ ಮೂಳೆಗಳು ಕಡಿಮೆ. ದಿನಗಳನ್ನು 60ರ ಚಕ್ರದಲ್ಲಿ ಎಣಿಸುತ್ತಿದ್ದರು. ಪ್ರಭವದಿಂದ ಅಕ್ಷಯದವರೆಗೆ 60 ಸಂವತ್ಸರ ಎಣಿಸುವ ನಮಗೆ ಈ ಲೆಕ್ಕ ಹಿಡಿಯುವುದು ಕಷ್ಟವಲ್ಲ. ಅಲ್ಲಿ ಅದು ವರ್ಷಕ್ಕಲ್ಲ, ದಿನಕ್ಕೆ.

ಒಂದು ಚಿಪ್ಪನ್ನು ಹತ್ತಿರದಿಂದ ನೋಡೋಣ. ವು ದಿಂಗ್ ಅರಸನ ಕಾಲದ್ದು, ಕ್ರಿ.ಪೂ. 1200ರ ಆಸುಪಾಸು. ಒಂದು ಬರಹ: “ಇಂದು ಗೆಂಗ್‌ಝಿ ದಿನದಿಂದ ಜ್ಯಾಚೆನ್ ದಿನದೊಳಗೆ ದಿ ಮಳೆಗೆ ಅಪ್ಪಣೆ ಕೊಡುವನು.” ಅದರ ಜೋಡಿ: “ಜ್ಯಾಚೆನ್ ಬಂದರೂ ದಿ ಮಳೆಗೆ ಅಪ್ಪಣೆ ಕೊಡಲಾರನು.” ಗೆಂಗ್‌ಝಿ ಚಕ್ರದ 37ನೇ ದಿನ, ಜ್ಯಾಚೆನ್ 41ನೇ ದಿನ, ಅಂದರೆ ಐದು ದಿನದ ಗಡುವು. ಹೌದು-ಅಲ್ಲಗಳನ್ನು ಹೀಗೆ ಎದುರುಬದುರು ಕೊರೆಯುವುದೇ ವಾಡಿಕೆ. ಒಂದೇ ಪ್ರಶ್ನೆಗೆ ಹಲವು ಬಾರಿ ಬಿರುಕು ತೆಗೆದು ಪಕ್ಕದಲ್ಲಿ ಒಂದು, ಎರಡು, ಮೂರು ಎಂದು ಅಂಕಿ ಹಾಕಿದ್ದೂ ಇದೆ. ಹೊಲದಲ್ಲಿ ಪೈರು ಬಾಡುವಾಗ ಅರಮನೆಯಲ್ಲಿ ಐದು ದಿನದ ಲೆಕ್ಕ ಹಿಡಿದು ಕಾಯುತ್ತಿದ್ದವರ ಆತಂಕ ಆ ಪುಟ್ಟ ಅಂಕಿಗಳಲ್ಲಿ ಕಾಣುತ್ತದೆ.

ಇಷ್ಟು ದೊಡ್ಡವನಿಗೆ ಬಲಿ ಕೊಡುತ್ತಿರಲಿಲ್ಲವೇ?

ಶಾಂಗ್ ಧರ್ಮದ ಅತಿ ದೊಡ್ಡ ಒಗಟು ಇದು. ಪೂರ್ವಜರಿಗೆ ದನ, ಕುರಿ, ಹಂದಿ, ಸೆರೆಯಾಳುಗಳನ್ನೂ ಬಲಿ ಕೊಟ್ಟ ದಾಖಲೆಗಳು ರಾಶಿರಾಶಿ ಇವೆ. ದಿಗೆ ನೇರವಾಗಿ ಬಲಿ ಕೊಟ್ಟದ್ದು ಸ್ಪಷ್ಟವಾಗಿ ಸಿಗುವುದೇ ಇಲ್ಲ ಎನ್ನುವಷ್ಟು ವಿರಳ. ಅರಸ ಸತ್ತ ಅಪ್ಪನಿಗೆ ಉಣಿಸುತ್ತಿದ್ದ, ಅಪ್ಪ ಅಜ್ಜನ ಕಡೆಗೆ ಹೋಗುತ್ತಿದ್ದ, ಬಹಳ ಹಳೆಯ ಪೂರ್ವಜ ದಿಯ ಸನ್ನಿಧಿಗೆ ಅತಿಥಿಯಾಗಿ ಸೇರುತ್ತಿದ್ದ. ಅತಿಥಿಯಾಗುವುದಕ್ಕೆ ಅವರ ಪದ ‘ಬಿನ್’. ದೂರದ ಒಡೆಯನನ್ನು ಮುಟ್ಟಲು ಮನೆಯ ಹಿರಿಯರೇ ಮೆಟ್ಟಿಲು. ದಿಯನ್ನು ಲಂಚದಿಂದ ಒಲಿಸಲಾಗದು ಎಂದು ಅವರು ನಂಬಿದ್ದರೋ, ಅವನು ಯಾವ ವಂಶಕ್ಕೂ ಸೇರದವನೆಂದು ದೂರ ಇಟ್ಟರೋ, ವಿದ್ವಾಂಸರು ಇನ್ನೂ ವಾದಿಸುತ್ತಿದ್ದಾರೆ.

ಇಲ್ಲಿ ಎಡವುವ ಜಾಗಗಳು ಎರಡಿವೆ. ‘ದಿ’ ಅಕ್ಷರವನ್ನೇ ಒಂದು ಬಗೆಯ ಬಲಿಯ ಹೆಸರಾಗಿಯೂ ಬಳಸಿದ್ದಾರೆ. ದಿಕ್ಕುಗಳಿಗೆ ಕೊಟ್ಟ ‘ದಿ’ ಬಲಿಯನ್ನು ದಿಗೇ ಕೊಟ್ಟ ಬಲಿ ಎಂದು ಓದಿದರೆ ಅರ್ಥ ತಲೆಕೆಳಗು. ಇನ್ನೊಂದು, ಶಾಂಗ್ ಕೊನೆಗಾಲದಲ್ಲಿ ಸತ್ತ ಅರಸರನ್ನೂ ದಿ ಎಂದರು: ದಿ ಯಿ, ದಿ ಶಿನ್. ಕ್ರಿ.ಪೂ. 221ರಲ್ಲಿ ಚಿನ್ ಅರಸ ಬದುಕಿರುವಾಗಲೇ ‘ಹುವಾಂಗ್‌ದಿ’ ಎಂದು ಕರೆಸಿಕೊಂಡ. ಅಂದಿನಿಂದ ಆಕಾಶದ ಒಡೆಯನ ಪದವೇ ಚಕ್ರವರ್ತಿಯ ಪದವೂ ಆಯಿತು.

ಝೌ ಅರಸರು ತಿಯೆನ್‌ಗೆ ಅಷ್ಟು ಮಹತ್ವ ಕೊಟ್ಟದ್ದೇಕೆ?

ಅವರಿಗೊಂದು ಸಮರ್ಥನೆ ಬೇಕಿತ್ತು. ಕ್ರಿ.ಪೂ. 1046ರ ಸುಮಾರಿಗೆ ಪಶ್ಚಿಮದಿಂದ ಬಂದು ಹಳೆಯ ದೊಡ್ಡ ವಂಶವನ್ನು ಉರುಳಿಸಿದ್ದರು. ಶಾಂಗ್ ಅರಸರು ದಿಯ ಬಳಿಯೇ ತಮ್ಮ ಹಿರಿಯರಿದ್ದಾರೆ ಎಂದು ನಂಬಿದ್ದರಲ್ಲ, ಹಾಗಿದ್ದ ಮೇಲೆ ಅವರು ಸೋತದ್ದು ಹೇಗೆ? ಝೌ ಕೊಟ್ಟ ಉತ್ತರ ‘ತಿಯೆನ್‌ಮಿಂಗ್’, ಆಕಾಶದ ಆದೇಶ. ಅದು ಪಿತ್ರಾರ್ಜಿತ ಆಸ್ತಿಯಲ್ಲ. ನಡತೆ ಕೆಟ್ಟರೆ ಕೈತಪ್ಪುತ್ತದೆ. ‘ಶಿ ಜಿಂಗ್’ ಎಂಬ ಹಳೆಯ ಕಾವ್ಯಸಂಗ್ರಹದ 235ನೇ ಪದ್ಯ ‘ವೆನ್ ವಾಂಗ್’ ಬಾಯಿಬಿಟ್ಟೇ ಹೇಳುತ್ತದೆ: “ಆಕಾಶದ ಆದೇಶ ಶಾಶ್ವತವಲ್ಲ.” ಜನರನ್ನು ಕಳೆದುಕೊಳ್ಳುವ ಮುಂಚೆ ಶಾಂಗ್ ಕೂಡ ಶಾಂಗ್‌ದಿಗೆ ಸರಿಯಾಗಿಯೇ ಇತ್ತು, ಅವರನ್ನು ಕನ್ನಡಿಯಾಗಿ ಇಟ್ಟುಕೊಳ್ಳಿ ಎಂದು ಗೆದ್ದವರು ತಮ್ಮ ಮಕ್ಕಳಿಗೇ ಎಚ್ಚರ ಹೇಳಿದರು. ಗೆದ್ದ ವಂಶ ತನ್ನ ಪತನದ ಸಾಧ್ಯತೆಯನ್ನು ತನ್ನದೇ ಸ್ತುತಿಗೀತೆಯಲ್ಲಿ ಹಾಡಿಸಿದ್ದು ಅಸಾಮಾನ್ಯ ಸಂಗತಿ. ಶಾನ್‌ಶಿಯ ಬಾವ್‌ಜಿಯಲ್ಲಿ 1963ರಲ್ಲಿ ಸಿಕ್ಕ ‘ಹ ಝುನ್’ ಕಂಚಿನ ಪಾತ್ರೆಯ ಒಳಮೈಯಲ್ಲಿ, ಝೌ ವಂಶದ ವು ಅರಸ ಶಾಂಗರನ್ನು ಗೆದ್ದ ಮೇಲೆ ತಿಯೆನ್ ಮುಂದೆ ಅರಿಕೆ ಮಾಡಿದ ಮಾತು ಕೊರೆದಿದೆ.

‘ಶಿ ಜಿಂಗ್’ ಕಾವ್ಯಸಂಗ್ರಹದಲ್ಲಿ ಯಾವ ಪದ್ಯಗಳನ್ನು ಓದಬೇಕು?

ಒಟ್ಟು 305 ಪದ್ಯಗಳು. ಹಲವು ಅನುವಾದಗಳಲ್ಲಿ ಒಂದೇ ಕ್ರಮಸಂಖ್ಯೆ ಇರುವುದರಿಂದ ಹುಡುಕುವುದು ಸುಲಭ. 241, 245, 254, 258 ಇಷ್ಟು ಓದಿದರೆ ದೇವರ ನಾಲ್ಕು ಬೇರೆ ಮುಖಭಾವ ಸಿಗುತ್ತವೆ.

241ರಲ್ಲಿ ಅವನು ಕೆಳಗೆ ನೋಡುತ್ತಾನೆ: “ಭವ್ಯನು ಶಾಂಗ್‌ದಿ, ನಾಲ್ಕೂ ದಿಕ್ಕು ನೋಡಿ ಜನರ ನೆಮ್ಮದಿ ಅರಸುತ್ತಾನೆ.” ನೋಡಿ ನೋಡಿ ಬೇಸತ್ತು ಪಶ್ಚಿಮಕ್ಕೆ, ಝೌ ನಾಡಿನ ಕಡೆಗೆ, ಕತ್ತು ತಿರುಗಿಸುತ್ತಾನೆ. 245ರಲ್ಲಿ ಜ್ಯಾಂಗ್ ಯುವಾನ್ ಎಂಬ ಹೆಂಗಸು ದಿಯ ಹೆಜ್ಜೆಗುರುತಿನ ಹೆಬ್ಬೆರಳನ್ನು ತುಳಿದು ಬಸುರಾಗುತ್ತಾಳೆ. ಹುಟ್ಟಿದ ಕೂಸನ್ನು ಓಣಿಯಲ್ಲಿ ಬಿಟ್ಟರೆ ದನ ಕುರಿಗಳು ಕಾಯುತ್ತವೆ, ಕಾಡಿನಲ್ಲಿ ಬಿಡಹೋದರೆ ಸೌದೆ ಕಡಿಯುವವರು ಎದುರಾಗುತ್ತಾರೆ, ಮಂಜುಗಡ್ಡೆಯ ಮೇಲಿಟ್ಟರೆ ಹಕ್ಕಿಗಳು ರೆಕ್ಕೆ ಹೊದಿಸುತ್ತವೆ. ಅವನೇ ಹೌ ಜಿ, ಧಾನ್ಯದೊಡೆಯ, ಝೌ ವಂಶದ ಮೂಲಪುರುಷ. ಇಡೀ ಕಥೆಯಲ್ಲಿ ದಿ ಬಿಟ್ಟುಹೋದದ್ದು ಒಂದು ಹೆಜ್ಜೆಗುರುತು ಮಾತ್ರ. ಪದ್ಯದ ಕೊನೆಗೆ ಬೇಯಿಸಿದ ಧಾನ್ಯದ ಪರಿಮಳ ಮೇಲಕ್ಕೇರುತ್ತದೆ, ಶಾಂಗ್‌ದಿ ಅದನ್ನು ಸವಿಯುತ್ತಾನೆ. ಕೈಯಲ್ಲ, ಬಾಯಲ್ಲ, ಘಮವೇ ಅವನನ್ನು ತಲುಪುವ ದಾರಿ. 254 ದೂರಿನ ಪದ್ಯ. ಶಾಂಗ್‌ದಿ ದಾರಿ ತಪ್ಪಿದ್ದಾನೆ, ಕೆಳಗಿನ ಜನ ಬಳಲಿದ್ದಾರೆ ಎಂದೇ ಶುರುವಾಗುತ್ತದೆ. ಅವನ ಹೆಸರಿನಲ್ಲಿ ಕವಿ ಬೈಯುತ್ತಿರುವುದು ಅರಸನನ್ನು ಎಂಬುದು ಸಾಂಪ್ರದಾಯಿಕ ವ್ಯಾಖ್ಯಾನ.

ಒಂದೇ ಪದ್ಯಕ್ಕೆ ಸಮಯವಿದ್ದರೆ 258, ‘ಯುನ್ ಹಾನ್’ ಓದಿ. ಎಂಟು ನುಡಿ, ನುಡಿಗೆ ಹತ್ತು ಸಾಲು. ಸಂಪ್ರದಾಯ ಇದನ್ನು ಶುವಾನ್ ಅರಸನ ಕಾಲದ (ಕ್ರಿ.ಪೂ. 827–782) ಬರಗಾಲಕ್ಕೆ ಸೇರಿಸುತ್ತದೆ. ಮೊದಲ ಸಾಲಿನಲ್ಲಿ ಆಕಾಶಗಂಗೆ ಹೊಳೆಯುತ್ತ ಬಾನಿನಲ್ಲಿ ತಿರುಗುತ್ತದೆ. ಅವಸರದಲ್ಲಿ ಓದಿದವರಿಗೆ ಇದು ಸೌಂದರ್ಯವರ್ಣನೆ. ಅಲ್ಲ, ಆಕಾಶಗಂಗೆ ಅಷ್ಟು ನಿಚ್ಚಳವಾಗಿ ಕಾಣಬೇಕಾದರೆ ಒಂದು ತುಣುಕು ಮೋಡವೂ ಇಲ್ಲ ಎಂದರ್ಥ. ಅಲ್ಲಿಂದ ಅರಸ ಲೆಕ್ಕ ಒಪ್ಪಿಸುತ್ತಾನೆ: ಪೂಜಿಸದ ದೇವರಿಲ್ಲ, ಬಲಿಗೆ ಜಿಪುಣತನ ಮಾಡಿಲ್ಲ, ಜೇಡ್ ಕಲ್ಲುಗಳೆಲ್ಲ ಮುಗಿದವು, ಯಾಕೆ ಯಾರೂ ನನ್ನ ಮಾತು ಕೇಳುತ್ತಿಲ್ಲ? ಹಿರಿಯರು ನೆರವಾಗುತ್ತಿಲ್ಲ, ತಂದೆತಾಯಿಗಳೇ, ಪೂರ್ವಜರೇ, ಇದನ್ನು ಹೇಗೆ ಸಹಿಸಿದ್ದೀರಿ? ಶಾಂಗರ ಕಾಲದ ಆ ಮೆಟ್ಟಿಲು ಇಲ್ಲಿ ಕುಸಿದಿದೆ. ಕೊನೆಯ ಸಾಲು ಪ್ರಶ್ನೆಯಾಗಿಯೇ ಉಳಿಯುತ್ತದೆ: “ವಿಶಾಲ ಆಕಾಶವನ್ನು ದಿಟ್ಟಿಸುತ್ತೇನೆ, ನೆಮ್ಮದಿ ಕರುಣಿಸುವುದು ಎಂದು?” ಮಳೆ ಬಂತೆಂದು ಪದ್ಯ ಹೇಳುವುದಿಲ್ಲ.

ಈ ಪದ್ಯದಲ್ಲಿ “ಝೌ ಜನರಲ್ಲಿ ಒಬ್ಬನೂ ಉಳಿದಿಲ್ಲ” ಎಂಬ ಸಾಲಿದೆ. ಅದನ್ನು ಅಕ್ಷರಶಃ ತೆಗೆದುಕೊಂಡರೆ ಝೌ ಕುಲವೇ ನಾಶವಾಯಿತು ಎಂದಾಗುತ್ತದೆ, ಕವಿಯ ಮನಸ್ಸನ್ನು ಓದಬೇಕು ಎಂದು ಕನ್ಫ್ಯೂಶಿಯಸ್ ಪಂಥದ ಚಿಂತಕ ಮೆನ್ಸಿಯಸ್ ಇದೇ ಸಾಲನ್ನು ಎತ್ತಿ ವಿವರಿಸಿದ್ದಾನೆ.

ಅವನು ಮಾತಾಡುತ್ತಾನೆಯೇ?

241ರಲ್ಲಿ ಮಾತಾಡುತ್ತಾನೆ, “ದಿ ವೆನ್ ಅರಸನಿಗೆ ಹೇಳಿದ” ಎಂದು ಮತ್ತೆ ಮತ್ತೆ ಬರುತ್ತದೆ. ಆದರೆ 235ರ ಕೊನೆಯಲ್ಲಿ ಆಕಾಶದ ಕೆಲಸಕ್ಕೆ ಸದ್ದೂ ಇಲ್ಲ, ವಾಸನೆಯೂ ಇಲ್ಲ. ಮುಂದೆ ಕನ್ಫ್ಯೂಶಿಯಸ್ “ತಿಯೆನ್ ಏನು ಮಾತಾಡುತ್ತದೆ? ನಾಲ್ಕು ಋತು ಉರುಳುತ್ತವೆ, ಎಲ್ಲವೂ ಹುಟ್ಟುತ್ತವೆ” ಎಂದ. ಆಕಾಶ ನನ್ನ ಜನರ ಕಣ್ಣಿಂದ ನೋಡುತ್ತದೆ, ನನ್ನ ಜನರ ಕಿವಿಯಿಂದ ಕೇಳುತ್ತದೆ ಎಂಬ ಹಳೆಯ ಮಾತನ್ನು ಮೆನ್ಸಿಯಸ್ ಉಲ್ಲೇಖಿಸಿದ. ಕಾಲ ಸರಿದಂತೆ ಅವನ ಮೌನ ಬೆಳೆಯಿತು.

ಚು ಹಾಡುಗಳ ‘ದೊಂಗ್‌ಹುವಾಂಗ್ ತಾಯ್‌ಯಿ’ ಯಾರು? ಆ ಪದ್ಯದಲ್ಲಿ ಏನಿದೆ?

ಯಾಂಗ್‌ತ್ಸೆ ನದಿಯ ಕಡೆಯ ಚು ರಾಜ್ಯದ ಹಾಡುಗಳ ಗುಚ್ಛ ‘ಜ್ಯೂ ಗ’. ಹೆಸರಿನ ಅರ್ಥ ‘ಒಂಬತ್ತು ಹಾಡು’, ಎಣಿಸಿದರೆ 11. ಕವಿ ಚ್ಯೂ ಯುವಾನ್ (ಸುಮಾರು ಕ್ರಿ.ಪೂ. 340–278) ರಚಿಸಿದ ಅಥವಾ ತಿದ್ದಿದ ಹಾಡುಗಳೆಂದು ಪರಂಪರೆ ಹೇಳುತ್ತದೆ. ಮೊದಲನೆಯದೇ ‘ಪೂರ್ವದ ಒಡೆಯ ಮಹಾ ಏಕ’ನ ಹಾಡು, 15 ಸಾಲು. ಗುಡಿ ಚು ನಾಡಿನ ಪೂರ್ವಕ್ಕಿತ್ತು, ಅದಕ್ಕೇ ‘ಪೂರ್ವದ’ ಎಂಬುದು ಹಳೆಯ ವ್ಯಾಖ್ಯಾನ.

ಶುಭದಿನ, ಒಳ್ಳೆಯ ಗಳಿಗೆ. ಜೇಡ್ ಹಿಡಿಯ ನೀಳ ಖಡ್ಗಕ್ಕೆ ಕೈಯಿಟ್ಟು ಬಂದಾಗ ಸೊಂಟದ ಮಣಿಗಳು ಕಿಣಿಕಿಣಿ ಎನ್ನುತ್ತವೆ. ಚಾಪೆ ಹಾಸಿ, ಮಡಚಿಕೊಳ್ಳದಂತೆ ಅಂಚಿಗೆ ಜೇಡ್ ತೂಕದ ಕಲ್ಲಿಡುತ್ತಾರೆ. ಪರಿಮಳದ ಸೊಪ್ಪಿನಲ್ಲಿ ಬೇಯಿಸಿದ ಮಾಂಸವನ್ನು ಪರಿಮಳದ ಎಲೆಯ ಮೇಲಿಟ್ಟು, ‘ಗುಯ್’ ಮದ್ಯ, ‘ಜ್ಯಾವ್’ ಪಾನೀಯ ಎರೆಯುತ್ತಾರೆ. ಡೋಲಿನ ಕೋಲು ಮೇಲೇಳುತ್ತದೆ. ಮೊದಲು ವಿಳಂಬ ಲಯ, ಆಮೇಲೆ ಬಾಯಿವಾದ್ಯ, ತಂತಿವಾದ್ಯ, ಗಟ್ಟಿ ಹಾಡು. ಸೊಗಸಿನ ಉಡುಪಿನಲ್ಲಿ ಕುಣಿತ, ಮಂಟಪದ ತುಂಬ ಘಮ, ಐದೂ ಸ್ವರಗಳ ಮೇಳ. ಕೊನೆಯ ಸಾಲಿಗೆ: ಒಡೆಯ ಹಿಗ್ಗಿ ನೆಮ್ಮದಿಯಾಗಿದ್ದಾನೆ.

ಗಮನಿಸಿ: ಚಾಪೆಯ ಅಂಚಿನ ಕಲ್ಲು ಕಂಡಿತು, ದೇವರು ಕಾಣಲಿಲ್ಲ. ಉಳಿದ ಹಾಡುಗಳಲ್ಲಿ ನದಿಯ ದೇವತೆಗಳು ಪ್ರೀತಿಸುತ್ತಾರೆ, ಕಾಯುತ್ತಾರೆ, ಅಳುತ್ತಾರೆ. ಇಲ್ಲಿ ಅಂಥದ್ದೊಂದೂ ಇಲ್ಲ. ಇದನ್ನು ‘ಭಾವವಿಲ್ಲದ ಪದ್ಯ’ ಎಂದು ಬದಿಗಿಡುವವರಿದ್ದಾರೆ. ನಮ್ಮ ಪ್ರಕಾರ ಅದು ತಪ್ಪು ಓದು. ಒಡೆಯನ ಮುಂದೆ ನಿಂತಾಗ ಕಣ್ಣು ತಗ್ಗಿಸಿದವರಿಗೆ ಕಾಣುವುದು ಚಾಪೆ, ಎಲೆ, ಬಟ್ಟಲುಗಳೇ.

ಅನುವಾದ ಮಾಡುವವರಿಗೆ ಎರಡು ಮಾತು. ‘ಜ್ಯಾವ್’ ಅನ್ನು ‘ಮೆಣಸು’ ಎಂದರೆ ನಮ್ಮ ಓದುಗರಿಗೆ ಕರಿಮೆಣಸು ನೆನಪಾಗುತ್ತದೆ. ಅದು ನಾಲಿಗೆ ಜುಮ್ಮೆನ್ನಿಸುವ ಬೇರೆಯೇ ಕಾಯಿ, ಕರಾವಳಿ-ಮಲೆನಾಡಿನ ಜುಮ್ಮನಕಾಯಿಯ ಕುಲದ್ದು. ಕೊಂಕಣಿಗರು ತೆಪ್ಪಲ ಎನ್ನುವುದೂ ಅದನ್ನೇ. ‘ಗುಯ್’ ದಾಲ್ಚಿನ್ನಿ ಜಾತಿಯ ಮರ. ದಾಲ್ಚಿನ್ನಿ ಎಂಬ ನಮ್ಮ ಪದದೊಳಗೇ ಚೀನಾ ಕೂತಿದೆ, ಪಾರ್ಸಿಯ ದಾರಿಯಲ್ಲಿ ಬಂದದ್ದು. ಇನ್ನು, ಪ್ರತಿ ಸಾಲಿನ ನಡುವೆ ಬರುವ ‘ಶಿ’ ಎಂಬ ಉಸಿರಿಗೆ ಅರ್ಥವಿಲ್ಲ, ಅದು ಹಾಡಿನ ಎಳೆತ. ಅದನ್ನು ‘ಓ’, ‘ಅಯ್ಯೋ’ ಎಂದು ಅನುವಾದಿಸಿದರೆ ಹಬ್ಬದ ಹಾಡು ಗೋಳಾಟವಾಗುತ್ತದೆ.

ಅವನು ಆಕಾಶದಲ್ಲಿ ಎಲ್ಲಿರುತ್ತಾನೆ?

ಉತ್ತರ ಧ್ರುವದ ಬಳಿ, ಯಾವ ನಕ್ಷತ್ರವೂ ಮುಳುಗದ ಜಾಗದಲ್ಲಿ. ಸಿಮಾ ಚಿಯೆನ್ ಕ್ರಿ.ಪೂ. 100ರ ಸುಮಾರಿಗೆ ಬರೆದ ಇತಿಹಾಸದಲ್ಲಿ, ಆಕಾಶದ ನಡು ಅರಮನೆಯ ಹೊಳೆಯುವ ನಕ್ಷತ್ರವೇ ತಾಯ್‌ಯಿಯ ವಾಸಸ್ಥಾನ, ಸಪ್ತರ್ಷಿ ಮಂಡಲ ದಿಯ ರಥ ಎಂದಿದೆ. ಆ ನಕ್ಷತ್ರವನ್ನು ಸಾಮಾನ್ಯವಾಗಿ ಲಘು ಸಪ್ತರ್ಷಿಯ ಕೊಚಾಬ್ ಎಂದು ಗುರುತಿಸುತ್ತಾರೆ. ಇಂದಿನ ಧ್ರುವ ನಕ್ಷತ್ರವನ್ನು ತೋರಿಸಿ ‘ಇದೇ ತಾಯ್‌ಯಿ’ ಎನ್ನುವುದು ಸಾಮಾನ್ಯ ತಪ್ಪು. ಭೂಮಿಯ ಅಕ್ಷ ನಿಧಾನವಾಗಿ ವಾಲುತ್ತ ತಿರುಗುವುದರಿಂದ ಆಗ ಧ್ರುವಬಿಂದು ಬೇರೆ ಕಡೆ ಇತ್ತು. ಕ್ರಿ.ಪೂ. 1000ದ ಹೊತ್ತಿಗೆ ಅದಕ್ಕೆ ಹತ್ತಿರವಿದ್ದ ಪ್ರಕಾಶಮಾನ ನಕ್ಷತ್ರ ಕೊಚಾಬ್.

ಅವನ ಮೇಲೆ ಕಥೆಗಳೇ ಇಲ್ಲವೇ?

ಅವನ ಬದುಕಿನ ಕಥೆಗಳಿಲ್ಲ, ಅವನಿಗೆ ಎದುರುಬಿದ್ದವರ ಕಥೆಗಳಿವೆ. ‘ಶಾನ್ ಹೈ ಜಿಂಗ್’ ಎಂಬ ಹಳೆಯ ಪುರಾಣ ಗ್ರಂಥದಲ್ಲಿ ಗುನ್ ಎಂಬವನು ಪ್ರವಾಹ ತಡೆಯಲು ದಿಯ ತಾನೇ ಬೆಳೆಯುವ ಮಣ್ಣನ್ನು ಕದ್ದು ಪ್ರಾಣ ಕಳೆದುಕೊಳ್ಳುತ್ತಾನೆ. ದಿಯೊಡನೆ ಪಟ್ಟಕ್ಕಾಗಿ ಹೋರಾಡಿದ ಶಿಂಗ್‌ತಿಯೆನ್‌ನ ತಲೆ ಹಾರಿದರೂ, ಮೊಲೆತೊಟ್ಟುಗಳನ್ನೇ ಕಣ್ಣು ಮಾಡಿಕೊಂಡು, ಹೊಕ್ಕುಳನ್ನೇ ಬಾಯಿ ಮಾಡಿಕೊಂಡು, ಗುರಾಣಿ ಕೊಡಲಿ ಹಿಡಿದು ಕುಣಿಯುತ್ತಾನೆ. ಆ ಗ್ರಂಥದಲ್ಲಿ ಬರೀ ‘ದಿ’ ಎಂದಿರುವ ಕಡೆ ಯಾವ ದಿ ಎಂದು ನಿರ್ಧರಿಸುವುದು ಕಷ್ಟ, ಹುವಾಂಗ್ ದಿ (ಹಳದಿ ದಿ, ಚಕ್ರವರ್ತಿಯ ಬಿರುದಲ್ಲ), ಯಾನ್ ದಿ, ದಿ ಜುನ್ ಎಲ್ಲರೂ ಅಲ್ಲಿದ್ದಾರೆ.

ಕವಿಗಳಿಗೂ ಅವನ ಬಾಗಿಲು ಸುಲಭವಾಗಿರಲಿಲ್ಲ. ‘ಲಿ ಸಾವ್’ ಕಾವ್ಯದಲ್ಲಿ ಕವಿ ಆಕಾಶದ ಹೆಬ್ಬಾಗಿಲಿಗೆ ಹೋಗಿ ತೆರೆ ಎಂದರೆ, ದಿಯ ದ್ವಾರಪಾಲಕ ಬಾಗಿಲಿಗೆ ಒರಗಿಕೊಂಡು ಸುಮ್ಮನೆ ನೋಡುತ್ತಾನೆ. ಸಾವಿರ ವರ್ಷದ ಬಳಿಕ, 816ರಲ್ಲಿ, ಇನ್ನೂ ಮೂವತ್ತು ತುಂಬದ ಕವಿ ಲಿ ಹ ತೀರಿಕೊಂಡಾಗ ಬಾಗಿಲು ಬೇರೆ ರೀತಿ ತೆರೆಯಿತು: ದಿ ಬಿಳಿ ಜೇಡ್ ಗೋಪುರ ಕಟ್ಟಿಸಿದ್ದಾನೆ, ಅದರ ಬಗ್ಗೆ ಬರೆಯಲು ನಿನ್ನನ್ನು ಕರೆದಿದ್ದಾನೆ ಎಂದು ಕೆಂಪು ಉಡುಪಿನ ದೂತ ಬಂದನೆಂದು ಲಿ ಶಾಂಗ್‌ಯಿನ್ ಬರೆದ.

ಐದು ದಿಗಳು ಎಂದು ಓದಿದ್ದೇವೆ. ಅದೇನು?

ಚಿನ್ ಅರಸರು ಬಿಳಿ, ಹಸಿರು, ಹಳದಿ, ಕೆಂಪು ಎಂದು ನಾಲ್ಕು ದಿಗಳನ್ನು ಪೂಜಿಸುತ್ತಿದ್ದರು. ಹಾನ್ ವಂಶದ ಸ್ಥಾಪಕ ಕ್ರಿ.ಪೂ. 205ರಲ್ಲಿ ಕಪ್ಪು ದಿಯನ್ನು ಸೇರಿಸಿ ಐದು ಮಾಡಿದ. ಈ ಐವರು ತಾಯ್‌ಯಿಯ ಸಹಾಯಕರು ಮಾತ್ರ ಎಂದು ಮಿಯು ಜಿ ಎಂಬವನು ಹಾನ್ ವಂಶದ ವು ಚಕ್ರವರ್ತಿಗೆ ಹೇಳಿದ, ಕ್ರಿ.ಪೂ. 113ರಲ್ಲಿ ಗಾನ್‌ಚುವಾನ್‌ನಲ್ಲಿ ತಾಯ್‌ಯಿಗೆ ಮೂರು ಹಂತದ ವೇದಿಕೆ ಎದ್ದಿತು. ಆಮೇಲೆ ಝೆಂಗ್ ಶುವಾನ್ (127–200) ಆಕಾಶಗಳು ಆರು ಎಂದ, ವಾಂಗ್ ಸು (195–256) ಒಂದೇ ಎಂದ. ಈ ಜಗಳ ಪಂಡಿತರ ಹರಟೆಯಲ್ಲ. ವೇದಿಕೆ ಎಷ್ಟು, ಬಲಿ ಎಷ್ಟು ಎಂಬುದು ಇದರ ಮೇಲೆ ನಿಂತಿತ್ತು.

ಅವನ ಚಿತ್ರ ಎಲ್ಲೂ ಇಲ್ಲವೇ?

ಹತ್ತಿರಕ್ಕೆ ಬರುವುದು ಒಂದಿದೆ. ಹುನಾನ್‌ನ ಮಾವಾಂಗ್‌ದ್ವಿಯಲ್ಲಿ ಕ್ರಿ.ಪೂ. 168ರಲ್ಲಿ ಮುಚ್ಚಿದ ಸಮಾಧಿಯಿಂದ 1973ರಲ್ಲಿ ತೆಗೆದ ರೇಷ್ಮೆ ಚಿತ್ರವೊಂದರ ಬರಹದಲ್ಲಿ ತಾಯ್‌ಯಿಯ ಹೆಸರಿದೆ, ನಡುವೆ ಒಂದು ಆಕೃತಿ, ಕೆಳಗೆ ಡ್ರ್ಯಾಗನ್‌ಗಳಿವೆ. ಅದು ಆಯುಧಗಳಿಂದ ರಕ್ಷಣೆ ಕೊಡುವ ತಾಯತದಂಥ ಚಿತ್ರ. ಪೂಜೆಯ ಮೂರ್ತಿ ಎಂದುಕೊಳ್ಳಬೇಡಿ.

ಜೇಡ್ ಚಕ್ರವರ್ತಿಯೂ ಇವನೇ ಅಲ್ಲವೇ?

ಅಲ್ಲ, ಆದರೆ ಇಬ್ಬರನ್ನೂ ಜೋಡಿಸುವ ಪ್ರಯತ್ನ ನಡೆದಿದೆ. ಜೇಡ್ ಚಕ್ರವರ್ತಿ ದಾವೊ ಪಂಥದ ದೇವರು. ಸಾಂಗ್ ಅರಸರು 11ನೇ ಶತಮಾನದ ಆರಂಭದಲ್ಲಿ ಅವನಿಗೆ ದೊಡ್ಡ ಬಿರುದು ಕೊಟ್ಟರು, 1116ರಲ್ಲಿ ಹುಯ್‌ಝಾಂಗ್ ಅವನ ಹೆಸರಿಗೆ ‘ಹಾವ್‌ತಿಯೆನ್’, ‘ಶಾಂಗ್‌ದಿ’ ಎರಡನ್ನೂ ಸೇರಿಸಿದ. ಅವನಿಗೆ ಮೂರ್ತಿಯುಂಟು, ಗುಡಿಯುಂಟು, ಚೀನೀ ಪಂಚಾಂಗದ ಮೊದಲ ತಿಂಗಳ ಒಂಬತ್ತನೆಯ ದಿನ ಹುಟ್ಟುಹಬ್ಬವುಂಟು. ಹಳೆಯ ಶಾಂಗ್‌ದಿಗೆ ಇವ್ಯಾವೂ ಇರಲಿಲ್ಲ.

ನಮ್ಮ ಇಂದ್ರನಿಗೆ ಹೋಲಿಸಬಹುದೇ? ಕನ್ನಡದಲ್ಲಿ ‘ದೇವರು’ ಎಂದು ಬರೆಯಬಹುದೇ?

ಇಂದ್ರನಿಗೆ ವಜ್ರಾಯುಧ, ವೃತ್ರವಧೆ, ಶಚಿ, ಐರಾವತ, ಎಡವಟ್ಟುಗಳೂ ಇವೆ. ದಿಗೆ ಚರಿತ್ರೆಯೇ ಇಲ್ಲ. ಮೇಲಿನಿಂದ ಎಲ್ಲವನ್ನೂ ನೋಡುವ ಋಗ್ವೇದದ ವರುಣ ಸ್ವಲ್ಪ ಹತ್ತಿರ. ಅದಕ್ಕಿಂತ ಗಟ್ಟಿಯಾದ ಸಂಬಂಧ ಅನುವಾದದ್ದು. ಬೌದ್ಧ ಗ್ರಂಥಗಳನ್ನು ಚೀನೀ ಭಾಷೆಗೆ ತಂದವರು ಸಂಸ್ಕೃತದ ‘ದೇವ’ ಪದಕ್ಕೆ ‘ತಿಯೆನ್’ ಅನ್ನೇ ಆರಿಸಿದರು. ಇಂದ್ರ ‘ದಿ-ಶಿ-ತಿಯೆನ್’ ಆದ: ದಿ ಅದೇ ಹಳೆಯ ಒಡೆಯ, ‘ಶಿ’ ಶಕ್ರನ ತುಣುಕು. ಬ್ರಹ್ಮ ‘ಫಾನ್‌ತಿಯೆನ್’, ಸರಸ್ವತಿ ‘ಬಿಯೆನ್‌ತ್ಸಾಯ್‌ತಿಯೆನ್’. ಜಪಾನಿನಲ್ಲಿ ಸರಸ್ವತಿಗೆ ‘ಬೆಂಝಾಯ್‌ತೆನ್’ ಎನ್ನುತ್ತಾರಲ್ಲ, ಅದರ ಕೊನೆಯ ‘ತೆನ್’ ಇದೇ ತಿಯೆನ್.

‘ದೇವರು’ ಎಂಬ ಪದ ಬೇಡ ಎಂಬುದು ನಮ್ಮ ಸಲಹೆ. ಪಾದ್ರಿ ಮತ್ತೆಯೊ ರಿಚ್ಚಿ (1552–1610) ಕ್ರೈಸ್ತರ ದೇವರನ್ನು ಶಾಂಗ್‌ದಿ ಎಂದು ಕರೆದ. 1715ರಲ್ಲಿ ಪೋಪ್ ಆ ಬಳಕೆಯನ್ನು ನಿಷೇಧಿಸಿದರು. ಪ್ರೊಟೆಸ್ಟೆಂಟರಲ್ಲಿ ವಾದ ಮುಂದುವರಿದು ಇಂದಿಗೂ ಚೀನೀ ಬೈಬಲ್ ‘ಶಾಂಗ್‌ದಿ’ ಮತ್ತು ‘ಶೆನ್’ (ದೈವ) ಎಂಬ ಎರಡು ಆವೃತ್ತಿಗಳಲ್ಲಿ ಅಚ್ಚಾಗುತ್ತದೆ. 19ನೇ ಶತಮಾನದ ಇಂಗ್ಲಿಷ್ ಅನುವಾದಗಳಿಂದ ಕನ್ನಡಕ್ಕೆ ತಂದರೆ ಈ ಜಗಳದ ಬಣ್ಣವೂ ಜೊತೆಗೇ ಬರುತ್ತದೆ. ಮೂಲದಲ್ಲಿ ದಿ ಇದ್ದರೆ ದಿ, ತಿಯೆನ್ ಇದ್ದರೆ ತಿಯೆನ್ ಎಂದೇ ಬಿಡಿ, ಅಡಿಟಿಪ್ಪಣಿ ಒಂದು ಸಾಕು.

ಬೀಜಿಂಗ್‌ಗೆ ಹೋದರೆ ಅವನ ಜಾಗ ನೋಡಬಹುದೇ?

ತಿಯೆನ್‌ತಾನ್, ಆಕಾಶ ವೇದಿಕೆ. 1420ರಲ್ಲಿ ಕಟ್ಟಿದ್ದು, 1998ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಮೆಟ್ರೊ 5ನೇ ಮಾರ್ಗದಲ್ಲಿ ತಿಯೆನ್‌ತಾನ್ ಪೂರ್ವ ದ್ವಾರ ನಿಲ್ದಾಣವಿದೆ. ಅಲ್ಲಿಂದ ಒಳಹೋದವರು ನೇರ ನೀಲಿ ಹೆಂಚಿನ ಮೂರು ಮಾಡಿನ ಮಂಟಪಕ್ಕೆ ಹೋಗಿ ಫೋಟೊ ತೆಗೆದು ವಾಪಸಾಗುತ್ತಾರೆ. ಅದು 38 ಮೀಟರ್ ಎತ್ತರದ, ಬೆಳೆಗಾಗಿ ಪ್ರಾರ್ಥಿಸುವ ಮಂಟಪ. 1889ರಲ್ಲಿ ಸಿಡಿಲಿಗೆ ಸುಟ್ಟು ಮತ್ತೆ ಕಟ್ಟಿದ್ದು. ದಕ್ಷಿಣ ದ್ವಾರದಿಂದ ಹೊಕ್ಕರೆ ಮೊದಲು ಸಿಗುವುದು ವೃತ್ತಾಕಾರದ ವೇದಿಕೆ, 1530ರದ್ದು, 1749ರಲ್ಲಿ ದೊಡ್ಡದು ಮಾಡಿದ್ದು. ಚಳಿಗಾಲದ ಅಯನ ಸಂಕ್ರಾಂತಿಯ ದಿನ ಸೂರ್ಯ ಹುಟ್ಟುವ ಮುಂಚೆ ಇಲ್ಲೇ ಚಕ್ರವರ್ತಿ ಮಂಡಿಯೂರುತ್ತಿದ್ದ.

ಅದಕ್ಕೆ ಮುಂಚೆ ಮೂರು ದಿನ ಉಪವಾಸದ ನಿಯಮ. ಪೂಜೆಯಲ್ಲಿ ಒಂಬತ್ತು ಘಟ್ಟ: ದಿಯನ್ನು ಬರಮಾಡಿಕೊಳ್ಳುವುದು, ಜೇಡ್ ಮತ್ತು ರೇಷ್ಮೆ ಅರ್ಪಣೆ, ಮಾಂಸದ ತಟ್ಟೆ, ಮೂರು ಸಲ ಮದ್ಯ, ನೈವೇದ್ಯ ಎತ್ತುವುದು, ಬೀಳ್ಕೊಡುಗೆ, ಕೊನೆಗೆ ಕಾಣಿಕೆ ಸುಡುವುದನ್ನು ನಿಂತು ನೋಡುವುದು. ಜೇಡ್ ನೀಲಿ ಬಣ್ಣದ ದುಂಡು ಬಿಲ್ಲೆ, ನಡುವೆ ತೂತು. ಕರುವನ್ನು ಸುಡುತ್ತಿದ್ದ ಹಸಿರು ಇಟ್ಟಿಗೆಯ ಒಲೆ ವೇದಿಕೆಯ ಆಗ್ನೇಯಕ್ಕಿದೆ. ಹೆಚ್ಚಿನವರು ಗಮನಿಸದೆ ದಾಟಿಹೋಗುತ್ತಾರೆ.

ಮೇಲಿನ ಹಂತದ ಕಲ್ಲುಹಾಸನ್ನು ಎಣಿಸಿ ನೋಡಿ. ನಡುವೆ ಒಂದು ದುಂಡು ಕಲ್ಲು, ಸುತ್ತ ಮೊದಲ ಬಳೆಯಲ್ಲಿ 9, ಎರಡನೆಯದರಲ್ಲಿ 18, ಹೀಗೆ ಒಂಬತ್ತನೆಯದರಲ್ಲಿ 81. ಆ ಹಂತಕ್ಕೆ 405, ಮೂರೂ ಹಂತಕ್ಕೆ 3,402. ನಡುಗಲ್ಲಿನ ಮೇಲೆ ನಿಂತು ಮಾತಾಡಿದರೆ ಸುತ್ತಲಿನ ಕಟಾಂಜನಕ್ಕೆ ತಾಗಿ ಬಂದ ಸದ್ದು ನಿಮ್ಮ ದನಿಯನ್ನೇ ದಪ್ಪ ಮಾಡುತ್ತದೆ. ಜನಜಂಗುಳಿಯಲ್ಲಿ ಇದು ಕೇಳಿಸದು, ಬಾಗಿಲು ತೆರೆಯುವ ಹೊತ್ತಿಗೇ ಹೋಗಿ.

ವೇದಿಕೆಗೆ ಚಾವಣಿಯಿಲ್ಲ, ಮೂರ್ತಿಯಿಲ್ಲ. ‘ಹುವಾಂಗ್‌ತಿಯೆನ್ ಶಾಂಗ್‌ದಿ’ ಎಂದು ಬರೆದ ಮರದ ಫಲಕ ಉತ್ತರಕ್ಕಿರುವ ಪುಟ್ಟ ದುಂಡು ಮನೆಯಲ್ಲಿರುತ್ತಿತ್ತು. ಪೂಜೆಯ ದಿನ ಹೊತ್ತು ತಂದು ವೇದಿಕೆಯ ಮೇಲಿಟ್ಟು, ಮುಗಿದ ಮೇಲೆ ಮರಳಿ ಒಯ್ಯುತ್ತಿದ್ದರು. 1914ರ ಡಿಸೆಂಬರ್ 23ರಂದು ಚೀನೀ ಗಣರಾಜ್ಯದ ಅಧ್ಯಕ್ಷ ಯುವಾನ್ ಶಿಕೈ ನಡೆಸಿದ ಪೂಜೆಯೇ ಕೊನೆಯದು. ವೇದಿಕೆಯಿಂದ ಇಳಿದು ಉತ್ತರಕ್ಕೆ ನಡೆದರೆ ಮೊದಲು ಆ ದುಂಡು ಮನೆ, ಆಮೇಲೆ 360 ಮೀಟರ್ ಉದ್ದದ ಎತ್ತರದ ಕಲ್ಲುದಾರಿ, ಅದರ ತುದಿಗೆ ಪ್ರಾರ್ಥನಾ ಮಂಟಪ. ಸುತ್ತಾಟಕ್ಕೆ ಕನಿಷ್ಠ ಮೂರು ಗಂಟೆ ಇಟ್ಟುಕೊಳ್ಳಿ. ಆವರಣ 273 ಹೆಕ್ಟೇರ್.